ಎರಡನೆಯ ಟಕ್

ಲೀಕ್ಸ್‌ಲಿಪ್
2 ಡಿಸೆಂಬರ್ 2024

ಮಗಳು ಜಿಕ್ರಾಗೆ ಅಬ್ಬಾನ ದುವಾ.

ನೀನು ಆಸ್ಟ್ರಿಯಾಕ್ಕೆ ಹೋಗಿ ಇವತ್ತಿಗೆ ಹದಿನೇಳು ದಿನ. "ಫೋನಲ್ಲಿ ನೀವು ಬೈತೀರ, ನಾನು ಕಟ್ ಮಾಡ್ತೀನಿ. ಏನಿದ್ರೂ ಕಾಗದ ಬರೀರಿ ಅಬ್ಬಾ, ಕೈ ನೋಯೋ ಹೊತ್ತಿಗೆ ಸಿಟ್ಟು ಇಳಿದಿರುತ್ತೆ" ಎಂದು ಏರ್‌ಪೋರ್ಟ್ ಬಸ್ಸು ಹತ್ತುವಾಗ ಹೇಳಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮಾತು ಉರ್ದು, ಬರಹ ಕನ್ನಡ. ರಾಮನಗರದ ಸರ್ಕಾರಿ ಶಾಲೆಯಲ್ಲಿ ನಾನು ಕಲಿತ ಅಕ್ಷರ ಅದು, ಇಲ್ಲಿ ಭಾನುವಾರ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ನಿನಗೆ ಕಲಿಸಿದ್ದೂ ಅದನ್ನೇ. ಮೂರನೇ ಕ್ಲಾಸಿಗೆ ಊರು ಬಿಟ್ಟು ಬಂದ ಹುಡುಗಿ ಇವತ್ತಿಗೂ ಒತ್ತಕ್ಷರ ತಪ್ಪದೆ ಬರೆಯುತ್ತಾಳೆ ಎಂದು ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆ ಪುಣ್ಯ ಈಗ ಉಪಯೋಗಕ್ಕೆ ಬಂತು.

ಆದರೆ ಏನು ಬರೆಯಲಿ? ನಿನ್ನ ಅಮ್ಮಿ ದಿನಾ ಸಂಜೆ ನಿನ್ನ ಜೊತೆ ಫೋನಿನಲ್ಲಿ ಎಲ್ಲಾ ಮಾತಾಡಿ ಮುಗಿಸಿರುತ್ತಾಳೆ. ಆದ್ದರಿಂದ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ನಿನ್ನ ಸ್ನೋಬೋರ್ಡಿನ, ಆ ಹಿಮದ ಹಲಗೆಗೆ ಬೂಟು ಹಿಡಿಸುವ ಬೈಂಡಿಂಗ್ ವಿಷಯ.

ಹಳೇ ತರಹದ್ದಾಗಿದ್ದರೆ ಪಟ್ಟಿ ಬಿಗಿದು ಬಕಲ್ ಹಾಕಿದರೆ ಆಯಿತು. ನೀನು ಹಟ ಹಿಡಿದು ತೆಗೆದುಕೊಂಡದ್ದು ಕಾಲಿಟ್ಟರೆ ತಾನೇ ಕಚ್ಚಿಕೊಳ್ಳುವಂಥದ್ದು. ಬೂಟಿನ ಮುಂದೆ ಎರಡು ಕೊಕ್ಕೆ, ಹಿಮ್ಮಡಿಯಲ್ಲಿ ಒಂದು ಹಲ್ಲು. ಇಡೀ ಮಗಳು ಆ ಹೆಬ್ಬೆರಳಿನಷ್ಟು ಹಲ್ಲಿನ ಮೇಲೆ ನಿಂತು ಗುಡ್ಡ ಇಳಿಯುತ್ತಾಳೆ. ಅದು ಸವೆಯಬಾರದು. ಹಿಮದಲ್ಲಿ ಓಡಿಸಿದರೆ ಅದು ಅಷ್ಟಾಗಿ ಸವೆಯುವುದಿಲ್ಲ, ಬೂಟು ಹಾಕಿಕೊಂಡು ಕಾಂಕ್ರೀಟಿನ ಮೇಲೆ ನಡೆದರೆ ಸವೆಯುತ್ತದೆ. ಕಿಲ್‌ಟರ್ನನ್‌ನಲ್ಲಿ ಹಿಮದ ಬದಲು ಬ್ರಷ್ ಹಾಸಿದ ಆ ಗುಡ್ಡದ ಮೇಲೆ ಕಲಿಯುವಾಗ ನೀನು ಕಾರ್ ಪಾರ್ಕಿನಿಂದಲೇ ಬೂಟು ಹಾಕಿಕೊಂಡು ಜಲ್ಲಿಯ ಮೇಲೆ ಗರಗರ ಎಂದು ನಡೆದುಹೋಗುತ್ತಿದ್ದೆ. ನಾನು ಕಾರಿನಲ್ಲಿ ಕೂತು ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಅಲ್ಲಿಯಾದರೂ ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಹಿಮದ ಅಂಚಿನಲ್ಲಿ ಹಾಕಿಕೋ. ಇನ್ನೊಂದು ಕೆಟ್ಟ ಚಟ, ಬಲಗಾಲಿನಿಂದ ಎಡ ಬೂಟಿನ ಹಿಮ್ಮಡಿ ತುಳಿದು ಬಿಚ್ಚುವುದು. ಅದನ್ನು ಬಿಡು. ಕೂತು, ಬಗ್ಗಿ, ಕೈಯಿಂದ ಬಿಚ್ಚು.

ಕಿಲ್‌ಟರ್ನನ್‌ಗೆ ಹೊರಡುವ ಮುಂಚೆ ನೀನು ಹಜಾರದ ಕಾರ್ಪೆಟ್ ಮೇಲೆ ಬೋರ್ಡ್ ಇಟ್ಟು ಕಾಲಿಡುತ್ತಿದ್ದೆ. ನಾನು ಅಡುಗೆಮನೆಯಲ್ಲಿ ಕೂತು ಎಣಿಸುತ್ತಿದ್ದೆ. ಹಿಮ್ಮಡಿ ಒತ್ತಿದಾಗ ಮೊದಲು ಒಂದು ಟಕ್, ಆಮೇಲೆ ಇನ್ನೊಂದು, ಆಗಲೇ ಪೂರ್ತಿ ಕಚ್ಚಿತೆಂದು ಲೆಕ್ಕ. ನಾನು "ಒಂದು, ಎರಡು" ಎಂದ ಮೇಲೇ ನೀನು ಲೀವರ್ ಎತ್ತಿ ಕಾಲು ತೆಗೆಯುತ್ತಿದ್ದದ್ದು. ಈಗ ಅಲ್ಲಿ ಯಾರೂ ಎಣಿಸುವುದಿಲ್ಲ, ನೀನೇ ಎಣಿಸಬೇಕು. ಎಡಗಾಲಿನ ಹಲ್ಲನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿ ನನಗೆ ಬರೆ.

ನಾನಿರುವ ಕಾರ್ಖಾನೆಯಲ್ಲೇ ನಿನಗೂ ಸಿಕ್ಕಿದ್ದ ಕೆಲಸದ ಮಾತು ನಾನು ಎತ್ತುವುದಿಲ್ಲ. ಎತ್ತುವುದಿಲ್ಲ ಎಂದು ಅಮ್ಮಿಗೆ ಮಾತು ಕೊಟ್ಟಿದ್ದೇನೆ.

ಇಂತಿ ನಿನ್ನ ಅಬ್ಬಾ,
ಅಖ್ತರ್


ಆಸ್ಟ್ರಿಯಾ
14 ಡಿಸೆಂಬರ್ 2024

ಅಬ್ಬಾಗೆ ಸಲಾಂ.

ಕಾಗದ ತಲುಪಿತು. ಎರಡು ಹಾಳೆಯ ತುಂಬ ಹಲ್ಲು, ಕೊಕ್ಕೆ. ನನ್ನ ಆರೋಗ್ಯ ಹೇಗಿದೆ ಎಂದು ಒಂದು ಸಾಲೂ ಇಲ್ಲ. ಬೂಟು ಚೆನ್ನಾಗಿದ್ದರೆ ಅದರೊಳಗಿನ ಮಗಳೂ ಚೆನ್ನಾಗಿರುತ್ತಾಳೆ ಎಂದು ನೀವು ಅಂದುಕೊಂಡಿರಬೇಕು.

ಚೆನ್ನಾಗಿದ್ದೇನೆ. ಬೆಳಿಗ್ಗೆ ಬಾಡಿಗೆ ಬೂಟುಗಳ ಕೋಣೆಯಲ್ಲಿ ಕೆಲಸ. ಮಧ್ಯಾಹ್ನ ಆರೇಳು ವರ್ಷದ ಮಕ್ಕಳಿಗೆ ಬೀಳುವುದನ್ನು ಕಲಿಸುತ್ತೇನೆ. ನಿಂತುಕೊಳ್ಳುವುದನ್ನು ಅವರೇ ಕಲಿಯುತ್ತಾರೆ. ಜನವರಿ ಕೊನೆಗೆ ತರಬೇತುದಾರರ ಪರೀಕ್ಷೆ ಇದೆ. ಅದು ಪಾಸಾದರೆ ಈ ಕೆಲಸ ಒಂದು ಚಳಿಗಾಲದ ಹುಚ್ಚಾಗಿ ಉಳಿಯುವುದಿಲ್ಲ. 'ಚಳಿಗಾಲದ ಹುಚ್ಚು' ನಿಮ್ಮದೇ ಮಾತು, ನಾನು ಮರೆತಿಲ್ಲ.

ಅಮ್ಮಿ ಒಂದು ವಿಷಯ ಹೇಳಿದರು. ಅವರು ನನ್ನ ಜೊತೆ ಫೋನಿನಲ್ಲಿ ಮಾತಾಡುವಾಗ ನೀವು ಪಾತ್ರೆ ತೊಳೆಯುತ್ತೀರಂತೆ, ನನ್ನ ದನಿ ಬಂದ ಕೂಡಲೇ ನಲ್ಲಿ ಬಂದ್ ಮಾಡುತ್ತೀರಂತೆ. ಅದು ಕೇಳಿದ ಮೇಲೆ ನಾನು ಫೋನಿನಲ್ಲಿ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದೇನೆ. ಅಮ್ಮಿಗೆ ಕಿವಿ ನೋವು ಬಂದರೆ ನೀವೇ ಹೊಣೆ.

ಕಾಂಕ್ರೀಟಿನ ಮೇಲೆ ನಡೆಯುತ್ತಿಲ್ಲ. ಕೂತು, ಬಗ್ಗಿ, ಕೈಯಿಂದ ಬಿಚ್ಚುತ್ತಿದ್ದೇನೆ.

ಹೊರಟ ದಿನ ಬಾಗಿಲಲ್ಲಿ ನೀವು ಏನೋ ಹೇಳುತ್ತೀರಿ ಎಂದು ನಾನು ಕಾದಿದ್ದೆ. ಬಸ್ಸಿನ ಟೈಮ್ ಹೇಳಿದಿರಿ.

ನಿಮ್ಮ
ಜಿಕ್ರಾ


ಲೀಕ್ಸ್‌ಲಿಪ್
5 ಜನವರಿ 2025

ಜಿಕ್ರಾಗೆ ಅಬ್ಬಾನ ದುವಾ.

ಈ ಕಾಗದದ ಜೊತೆ ಒಂದು ಪಾರ್ಸೆಲ್ ಇದೆ. ಉಪ್ಪಿನಕಾಯಿ, ಅಮ್ಮಿ ಹೆಣೆದ ಕಾಲುಚೀಲ, ಹಳೇ ಹಲ್ಲುಜ್ಜುವ ಬ್ರಷ್ಷು ಎರಡು, ಮತ್ತೆ ನಾನು ಮಾಡಿದ ಒಂದು ಜೊತೆ ರಬ್ಬರ್ ತಳ. ಗೇಟಿನ ಹತ್ತಿರ ಇರುತ್ತಿದ್ದ ನನ್ನ ಗಂಬೂಟು ಕತ್ತರಿಸಿ ಮಾಡಿದ್ದು. "ಚೆನ್ನಾಗಿದ್ದ ಬೂಟು ಕತ್ತರಿಸಿ ಹಾಕಿದ್ರಲ್ಲ, ಇನ್ಮೇಲೆ ಮಳೇಲಿ ಕಸದ ಡಬ್ಬಿ ಯಾರು ಹೊರಗಿಡ್ತಾರೆ" ಎಂದು ಅಮ್ಮಿ ಕೇಳಿದಳು. ಚಪ್ಪಲಿ ಹಾಕಿಕೊಂಡು ನಾನೇ ಇಡುತ್ತಿದ್ದೇನೆ. ಕೊಠಡಿಯಿಂದ ಹಿಮದವರೆಗೆ ಬೂಟಿನಲ್ಲೇ ನಡೆಯಬೇಕಾಗಿ ಬಂದರೆ ಈ ತಳ ಸಿಕ್ಕಿಸಿಕೋ. ನಾವು ಕಾರ್ಖಾನೆಯೊಳಗೆ ಹೋಗುವಾಗ ಮೈತುಂಬ ಬಿಳಿ ನಿಲುವಂಗಿ, ಬೂಟಿನ ಮೇಲೆ ಕವರು ಹಾಕಿಕೊಳ್ಳುತ್ತೇವಲ್ಲ, ಅಲ್ಲಿ ನಮ್ಮ ಧೂಳು ಕಂಪ್ಯೂಟರ್ ಚಿಪ್‌ಗೆ ತಾಗಬಾರದೆಂದು. ಇಲ್ಲಿ ನೆಲದ ಮಣ್ಣು ನಿನ್ನ ಕೊಕ್ಕೆಗೆ ತಾಗಬಾರದೆಂದು. ಎರಡೂ ಒಂದೇ ಕೆಲಸ.

ಬ್ರಷ್ಷು ಯಾಕೆಂದರೆ, ಮರಳಿನ ಒಂದು ಕಣ ಒಳಗೆ ಉಳಿದರೂ ಪ್ರತಿ ಸಲ ಕಾಲಿಟ್ಟಾಗ ಅದು ಹಲ್ಲನ್ನು ಉಜ್ಜುತ್ತದೆ. ದಿನದ ಕೊನೆಗೆ ಉಗುರು ಬೆಚ್ಚಗಿನ ನೀರಿನಲ್ಲಿ ಬ್ರಷ್ ಮಾಡಿ ಬಟ್ಟೆಯಲ್ಲಿ ಒರೆಸು. ಹೀಟರ್ ಮುಂದೆ ಇಡಬೇಡ, ಗಾಳಿಗೆ ಒಣಗಲಿ. ಎಣ್ಣೆ, ಗ್ರೀಸು ಹಚ್ಚುವ ಆಸೆ ಬಂದರೆ ಕೈ ಕಟ್ಟಿಕೊಂಡು ಕೂತುಕೋ, ಅದು ಚಳಿಯಲ್ಲಿ ಗಟ್ಟಿಯಾಗುತ್ತದೆ, ಇರುವ ಮಣ್ಣನ್ನೆಲ್ಲ ಕರೆದು ಅಂಟಿಸಿಕೊಳ್ಳುತ್ತದೆ. ತೀರಾ ಬಿಗಿ ಅನ್ನಿಸಿದರೆ ಒಣ ಸಿಲಿಕಾನ್ ಸ್ಪ್ರೇ ಒಂದು ಚೂರು ಸಾಕು. ವಾರಕ್ಕೊಮ್ಮೆ ಸ್ಕ್ರೂಗಳನ್ನು ಕೈಯಲ್ಲೇ ಬಿಗಿ ಮಾಡು. ಕಾಲಿಡುವ ಮುಂಚೆ ಹಿಮ ಉದುರಿಸು, ಬೆರಳು ಮೊದಲು, ಹಿಮ್ಮಡಿ ಆಮೇಲೆ, ನೇರವಾಗಿ. ಓರೆಯಾಗಿ ಇಟ್ಟು ತಿರುಚಬೇಡ. ತೆಗೆಯುವಾಗ ಲೀವರ್ ಪೂರ್ತಿ ಎತ್ತದೆ ಕಾಲು ಕೀಳಬೇಡ.

ಎಡ ಹಲ್ಲಿನ ವಿಷಯ ನೀನು ಬರೆಯಲೇ ಇಲ್ಲ.

ನಿನ್ನೆ ಶನಿವಾರ ಕಿಲ್‌ಟರ್ನನ್‌ಗೆ ಹೋಗಿದ್ದೆ. ಏನೂ ಕೆಲಸ ಇರಲಿಲ್ಲ. ಕಾರು ಅದೇ ಜಾಗದಲ್ಲಿ ನಿಲ್ಲಿಸಿ, ಬೇಲಿಯ ಹತ್ತಿರ ನಿಂತಿದ್ದೆ. ಅಲ್ಲಿಯ ಕೋಚ್ ಹೆಂಗಸೊಬ್ಬಳು ಬಂದು ಮಗುವಿಗೆ ಕಾಯುತ್ತಿದ್ದೀರಾ ಎಂದು ಕೇಳಿದಳು. ಹೌದು, ಬರೋದು ಸ್ವಲ್ಪ ತಡ ಆಗುತ್ತೆ ಎಂದೆ. "ಗ್ರ್ಯಾಂಡ್, ಪರ್ವಾಗಿಲ್ಲ, ಒಳಗೆ ಬೆಂಚು ಇದೆ, ಕೂತ್ಕೊಳ್ಳಿ" ಎಂದಳು. ಒಂದು ಗಂಟೆ ಕೂತು ಬಂದೆ. ಮನೆಯಲ್ಲಿ ಅಮ್ಮಿಗೆ ಟೈರಿಗೆ ಗಾಳಿ ಹಾಕಿಸಲು ಹೋಗಿದ್ದೆ ಎಂದು ಹೇಳಿದೆ.

ನೀನಿಲ್ಲದೆ ಬಹಳ ಬೇಸರ ಜಿಕ್ರಾ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿ ಇಡುತ್ತೇನೆ. ಆ ಸೀಟಿನಲ್ಲಿ ನೀನು ಕೂತು, ಇಬ್ಬರೂ ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತೇವೆ ಎಂದು ನಾನು ಎರಡು ವರ್ಷದಿಂದ ಅಂದುಕೊಂಡಿದ್ದೆ. ಕೆಲಸದ ಮಾತು ಎತ್ತುವುದಿಲ್ಲ ಎಂದಿದ್ದೆ, ಎತ್ತಿಬಿಟ್ಟೆ. ಇದನ್ನು ಅಮ್ಮಿಗೆ ಹೇಳಬೇಡ.

ಇಂತಿ ನಿನ್ನ ಅಬ್ಬಾ,
ಅಖ್ತರ್


ಲೀಕ್ಸ್‌ಲಿಪ್
27 ಜನವರಿ 2025

ಜಿಕ್ರಾಗೆ ದುವಾ.

ಪಾರ್ಸೆಲ್ ತಲುಪಿತೆಂದು ಅಮ್ಮಿ ಹೇಳಿದಳು. ನಿನ್ನಿಂದ ಕಾಗದವಿಲ್ಲ.

ಶುಕ್ರವಾರ ದೊಡ್ಡ ಬಿರುಗಾಳಿ ಬಂತು. ಹಿಂದಿನ ಬೇಲಿಯ ಎರಡು ಹಲಗೆ ಹಾರಿ ಪಕ್ಕದವರ ಅಂಗಳಕ್ಕೆ ಬಿತ್ತು. ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ಅರ್ಷಿಯಾ ಆಂಟಿಯ ಮನೆಗೆ ಇನ್ನೂ ಕರೆಂಟು ಬಂದಿಲ್ಲವಂತೆ. ನಾವು ಕ್ಷೇಮ.

ಆ ಗಾಳಿಯಲ್ಲಿ ಮನೆಯ ಪ್ರತಿಯೊಂದು ಬಾಗಿಲೂ ಕಿಟಕಿಯೂ ಒಂದೊಂದು ಸದ್ದು ಮಾಡುತ್ತಿತ್ತು. ನಾನು ಕೂತು ಎಣಿಸುತ್ತಿದ್ದೆ. ಚಿಕ್ಕವನಿದ್ದಾಗಿನ ಅಭ್ಯಾಸ. ರಾಮನಗರದಲ್ಲಿ ನಿನ್ನ ದಾದಾ, ನನ್ನ ಅಬ್ಬಾ, ರೇಷ್ಮೆ ನೂಲು ತೆಗೆಸುತ್ತಿದ್ದಾಗ ಹತ್ತು ಚರಕ ಒಟ್ಟಿಗೆ ಓಡುತ್ತಿದ್ದವು. ಒಂದರಲ್ಲಿ ಎಳೆ ಕಡಿದರೆ ಕಣ್ಣು ಮುಚ್ಚಿಕೊಂಡೇ ಇಂಥದ್ದು ಎಂದು ನಾನು ಹೇಳುತ್ತಿದ್ದೆ. ಅವರು ನನ್ನನ್ನು ಶಾಲೆ ಬಿಡಿಸಿ ಚರಕದ ಮುಂದೆ ಕೂರಿಸಲು ಅದೇ ಕಾರಣ ಸಾಕೆಂದಿದ್ದರು. ನಾನು ಒಪ್ಪಲಿಲ್ಲ. ಆರು ತಿಂಗಳು ನಮ್ಮಿಬ್ಬರಿಗೆ ಮಾತಿರಲಿಲ್ಲ.

ಒಂದೇ ಮಾತು ಬರೆಯಬೇಕಿತ್ತು, ಸುತ್ತಿ ಬಳಸಿ ಇಷ್ಟು ಬರೆದೆ. ಒಂದೇ ಟಕ್ ಕೇಳಿಸಿದರೆ ಇಳಿಯಬೇಡ. ಮಕ್ಕಳು ಕಾಯುತ್ತಿರಲಿ, ಪರೀಕ್ಷೆ ಇರಲಿ, ಇಳಿಯಬೇಡ. ಎಡ ಹಲ್ಲು ನೋಡಿ ಬರೆ. ಫೋಟೋ ತೆಗೆದು ಅಮ್ಮಿಗಾದರೂ ಕಳಿಸು.

ನಿನ್ನ ಅಬ್ಬಾ


ಆಸ್ಟ್ರಿಯಾ
9 ಫೆಬ್ರವರಿ 2025

ಅಬ್ಬಾಗೆ ಸಲಾಂ.

ಅಮ್ಮಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಮೊದಲು ಇದನ್ನು ಓದಿ: ನನಗೆ ದೊಡ್ಡದೇನೂ ಆಗಿಲ್ಲ. ಬಲ ಮಣಿಕಟ್ಟು ಉಳುಕಿದೆ. ಅದಕ್ಕೇ ಅಕ್ಷರ ಹೀಗೆ ವಾಲಿದೆ.

ಜನವರಿ ಇಪ್ಪತ್ತೊಂಬತ್ತಕ್ಕೆ ಪರೀಕ್ಷೆಯ ಮೊದಲ ದಿನ. ನಿಮ್ಮ ಬಿರುಗಾಳಿಯ ಕಾಗದ ಬಂದದ್ದು ಅದಾದ ಆರು ದಿನಕ್ಕೆ. ಎರಡನೇ ಇಳಿಜಾರಿನಲ್ಲಿ, ಹಿಮ್ಮಡಿಯ ಮೇಲೆ ಭಾರ ಹಾಕಿ ತಿರುಗುವಾಗ ಎಡಗಾಲು ಬಿಟ್ಟುಕೊಂಡಿತು. ಬೋರ್ಡ್ ಬಲಗಾಲಿನಲ್ಲಿ ಮಾತ್ರ ನೇತಾಡುತ್ತಾ ನನ್ನನ್ನು ಐವತ್ತು ಮೀಟರ್ ಎಳೆದುಕೊಂಡು ಹೋಯಿತು. ಇಳಿಜಾರಿನ ಅಂಚಿಗೆ ಕಟ್ಟಿದ ಬಲೆಗೆ ಸಿಕ್ಕಿಕೊಂಡು ನಿಂತೆ. ಬಲೆಯ ಆಚೆ ಬಂಡೆಗಳಿದ್ದವು. ಅದನ್ನು ಎದ್ದು ನಿಂತ ಮೇಲೆ ನೋಡಿದೆ.

ಪರೀಕ್ಷೆ ಹೋಯಿತು. ಮಾರ್ಚ್‌ನಲ್ಲಿ ಇನ್ನೊಂದು ಸಲ ಇದೆ, ಮಣಿಕಟ್ಟು ಸರಿಹೋದರೆ.

ಬಾಡಿಗೆ ಕೋಣೆ ನೋಡಿಕೊಳ್ಳುವ ಹೈಕೆ ಎಂಬಾಕೆ ಮೂವತ್ತು ವರ್ಷದಿಂದ ಬೈಂಡಿಂಗ್ ರಿಪೇರಿ ಮಾಡುತ್ತಿದ್ದಾಳೆ. ಎಡ ಬೂಟು ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ನೋಡಿದಳು. ಹಲ್ಲಿನ ಕೆಳ ಅಂಚು ಪೂರ್ತಿ ಸವೆದು ಗುಂಡಗಾಗಿದೆ, ಎರಡನೆಯ ಟಕ್ ಬರಲು ಹಿಡಿಯುವುದಕ್ಕೇ ಏನೂ ಉಳಿದಿಲ್ಲ ಎಂದಳು. ಹಿಮದಲ್ಲಿ ಆದದ್ದಲ್ಲ ಇದು, ಕಲ್ಲಿನ ಮೇಲೆ ಆದದ್ದು, ನೀನು ಇಲ್ಲಿಗೆ ಬರುವ ಮುಂಚೆಯೇ ಹೀಗಿತ್ತು ಎಂದಳು.

ನಿಮ್ಮ ಮೂರು ಕಾಗದಗಳನ್ನೂ ಮತ್ತೆ ಓದಿದೆ. ಮೊದಲನೆಯದರಲ್ಲೇ ಎಡಗಾಲಿನ ಹಲ್ಲು ನೋಡು ಎಂದಿದ್ದೀರಿ. ಎರಡನೆಯದರಲ್ಲೂ ಎಡಗಾಲು. ಮೂರನೆಯದರಲ್ಲೂ. ಬಲಗಾಲಿನ ಹಲ್ಲಿನ ಹೆಸರನ್ನೇ ಎತ್ತಿಲ್ಲ.

ಅಬ್ಬಾ, ಒಂದೇ ಪ್ರಶ್ನೆ. ನಾನು ಹೊರಟ ಬೆಳಿಗ್ಗೆ ಹಜಾರದಲ್ಲಿ ಎಡಗಾಲು ಇಟ್ಟಾಗ ನಿಮಗೆ ಎಷ್ಟು ಕೇಳಿಸಿತು?

ಜಿಕ್ರಾ


ಲೀಕ್ಸ್‌ಲಿಪ್
3 ಮಾರ್ಚ್ 2025

ಜಿಕ್ರಾ,

ಒಂದು.

ಈ ಉತ್ತರ ಬರೆಯಲು ನನಗೆ ಎರಡು ವಾರ ಬೇಕಾಯಿತು. ನಾಲ್ಕು ಸಲ ಬರೆದು ಹರಿದೆ. ಮೂರನೆಯ ರೋಜಾ ಇವತ್ತು. ಉಪವಾಸ ಇದ್ದುಕೊಂಡು ಸುಳ್ಳು ಬಚ್ಚಿಟ್ಟುಕೊಳ್ಳುವುದು ಆಗದು ಅನ್ನಿಸಿ ಕೂತಿದ್ದೇನೆ.

ಬಲಗಾಲಿಗೆ ಎರಡು ಕೇಳಿಸಿತು. ಎಡಗಾಲಿಗೆ ಒಂದು ಟಕ್, ಆಮೇಲೆ ಏನೂ ಇಲ್ಲ. ನಾನು ಚಹಾ ಲೋಟ ಕೈಯಲ್ಲಿ ಹಿಡಿದು ಕಾದೆ. ನೀನು ಇನ್ನೊಂದು ಸಲ ಒತ್ತಿದೆ. ಆಗಲೂ ಇಲ್ಲ. ಎದ್ದು ಬಂದು "ನಿಲ್ಲು, ಹಲ್ಲು ಸವೆದಿದೆ, ಬದಲಾಯಿಸದೆ ಹೋಗಬೇಡ" ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಕೂತಲ್ಲಿಂದಲೇ "ಎರಡು" ಎಂದೆ.

ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹೋಗಲಿ, ನಾಲ್ಕು ದಿನಕ್ಕೆ ಅದು ಕೈಕೊಡುತ್ತದೆ, ಕಾಲು ಕಚ್ಚುವುದಿಲ್ಲ, ಇವಳಿಗೆ ಬೇಜಾರಾಗುತ್ತದೆ, ವಾಪಸು ಬರುತ್ತಾಳೆ ಎಂದುಕೊಂಡೆ. ಕಚ್ಚುವುದಿಲ್ಲ ಎಂದಷ್ಟೇ ಯೋಚಿಸಿದೆ. ಇಳಿಯುವಾಗ ಬಿಟ್ಟುಕೊಳ್ಳಬಹುದು ಎಂದು ಆಗ ಹೊಳೆಯಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಯಂತ್ರ ನೋಡಿಕೊಳ್ಳುವವನು, ಆದರೆ ಹಿಮದ ಗುಡ್ಡ ಹತ್ತಿದವನಲ್ಲ. ನನಗೆ ಗೊತ್ತಿದ್ದದ್ದು ಹಜಾರದ ಕಾರ್ಪೆಟ್ ಮಾತ್ರ. ಏರ್‌ಪೋರ್ಟ್ ಬಸ್ಸು ಹೋದ ಮೇಲೆ ಮನೆಗೆ ನಡೆದು ಬರುವಾಗ ದಾರಿಯಲ್ಲೇ ಹೊಳೆಯಿತು. ಆಗ ನೀನು ಫೋನು ತೆಗೆಯುತ್ತಿದ್ದೆಯೋ ಇಲ್ಲವೋ, ನಾನು ಮಾಡಲೂ ಇಲ್ಲ. ಮಾಡಿದ್ದರೆ ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಬೇಕಾಗಿತ್ತು. ಅದರ ಬದಲು ಬ್ರಷ್ಷು, ನೀರು, ಸಿಲಿಕಾನ್ ಎಂದು ಹಾಳೆಗಟ್ಟಲೆ ಬರೆದೆ. ಬೂಟು ಸವೆಯದಂತೆ ನೋಡಿಕೊಳ್ಳುವ ಉಪಾಯ ನನಗೆ ಎಷ್ಟು ಗೊತ್ತಿತ್ತೋ ಅಷ್ಟನ್ನೂ ಬರೆದೆ. ಮುಖ್ಯವಾದದ್ದು ಒಂದೇ ಸಾಲು, ಅದನ್ನು ಬರೆಯಲಿಲ್ಲ.

ಅಮ್ಮಿಗೆ ನಿನ್ನೆ ಎಲ್ಲಾ ಹೇಳಿದೆ. ಬೈಯಲಿಲ್ಲ. ಪ್ರತಿ ವರ್ಷ ಇಫ್ತಾರಿಗೆ ನನ್ನ ಕೈಗೆ ಖರ್ಜೂರ ಕೊಡುವವಳು ನಿನ್ನೆ ತಟ್ಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಕೇಳಿದಳು, "ಬಂಡೆ ಎಷ್ಟು ದೂರ ಇತ್ತಂತೆ?" ನನಗೆ ಗೊತ್ತಿಲ್ಲ ಎಂದೆ.

ಕಾರ್ಖಾನೆಯಲ್ಲಿ ನಾನು ಅಳೆದು ಬರೆದ ಅಂಕಿಯನ್ನು ಯಾರೂ ಎರಡನೆಯ ಸಲ ಅಳೆಯುವುದಿಲ್ಲ. ಅಖ್ತರ್ ಬರೆದಿದ್ದಾನೆ ಎಂದರೆ ಅದು ಸರಿ. ಮೊನ್ನೆ ಮೈಸೂರಿನ ಲೋಹಿತ್ ಎಂಬ ಹೊಸ ಎಂಜಿನಿಯರ್ "ಸರ್, ನಿಮ್ಮ ರೀಡಿಂಗ್ ಇದ್ರೆ ನಾನು ಚೆಕ್ ಮಾಡಲ್ಲ" ಎಂದ. ಮಾಡಪ್ಪ, ಚೆಕ್ ಮಾಡು ಎಂದು ಗದರಿಬಿಟ್ಟೆ. ಅವನು ಪಾಪ, ತಾನೇನು ತಪ್ಪು ಮಾಡಿದೆ ಎಂದು ನೋಡುತ್ತಾ ನಿಂತ.

ನಿನ್ನನ್ನು ಕ್ಷಮೆ ಕೇಳುತ್ತೇನೆ. ನೀನು ಉತ್ತರ ಬರೆಯದಿದ್ದರೂ ನಾನು ಬರೆಯುವುದನ್ನು ನಿಲ್ಲಿಸುವುದಿಲ್ಲ. ಬೈಂಡಿಂಗ್ ವಿಷಯ ಮಾತ್ರ ಇನ್ನು ಬರೆಯುವುದಿಲ್ಲ, ಆ ಯೋಗ್ಯತೆ ಕಳೆದುಕೊಂಡಿದ್ದೇನೆ. ಹೈಕೆಯವರ ಮಾತು ಕೇಳು.

ಅಬ್ಬಾ


ಆಸ್ಟ್ರಿಯಾ
31 ಮಾರ್ಚ್ 2025

ಅಬ್ಬಾಗೆ ಸಲಾಂ, ಈದ್ ಮುಬಾರಕ್.

ನಿನ್ನೆ ಈದ್. ಇಲ್ಲಿ ನಮಾಜಿಗೆ ಹೋಗಲು ಒಂದೂವರೆ ಗಂಟೆ ಬಸ್ಸಿನಲ್ಲಿ ಹೋಗಬೇಕು. ಹೋಗಿ ಬಂದೆ. ಹೈಕೆಗೆ ಶೀರ್ ಖುರ್ಮಾ ಮಾಡಿಕೊಟ್ಟೆ. ಅಮ್ಮಿ ಫೋನಿನಲ್ಲಿ ಹೇಳಿಕೊಟ್ಟ ಅಳತೆಗೆ ಒಂದೂವರೆ ಪಟ್ಟು ಸಕ್ಕರೆ ಬಿತ್ತು. ನೀವಾಗಿದ್ದರೆ ಎರಡು ಬಟ್ಟಲು ತಿನ್ನುತ್ತಿದ್ದಿರಿ.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಮೊದಲ ವಾರ ಸಿಟ್ಟು ಬಂದಿತ್ತು, ಅದನ್ನು ಇಲ್ಲ ಎನ್ನುವುದಿಲ್ಲ. ಬಂಡೆ ಬಲೆಯಿಂದ ನಾಲ್ಕು ಹೆಜ್ಜೆ ದೂರ ಇತ್ತು, ಅಮ್ಮಿಗೆ ಹತ್ತು ಎಂದು ಹೇಳಿ. ಎರಡನೆಯ ವಾರ ನಾನು ಬೇರೆ ಒಂದು ವಿಷಯ ಯೋಚಿಸಿದೆ. ಅದನ್ನು ನಾನೂ ಬರೆಯಬೇಕು.

ಆ ಬೆಳಿಗ್ಗೆ ನನಗೂ ಒಂದೇ ಕೇಳಿಸಿತು.

ಕೇಳಿಸುವುದಿರಲಿ, ಕಾಲಿಗೇ ಗೊತ್ತಾಗಿತ್ತು. ಅದಕ್ಕೇ ಇನ್ನೊಂದು ಸಲ ಒತ್ತಿದ್ದು. ಒತ್ತಿ, ಲೀವರ್ ಹಿಡಿದುಕೊಂಡು ಹಜಾರದಲ್ಲಿ ಬಗ್ಗಿ ನಿಂತಿದ್ದೆ. ಅಬ್ಬಾನ ಕಿವಿ ತಪ್ಪುವುದಿಲ್ಲ, ಈಗ ಎದ್ದು ಬರುತ್ತಾರೆ, ಬೂಟು ಕಿತ್ತುಕೊಳ್ಳುತ್ತಾರೆ, ಬೈಯುತ್ತಾರೆ, ಕನ್ನಡಕ ಹಾಕಿಕೊಂಡು ಕೂತುಬಿಡುತ್ತಾರೆ, ಬಸ್ಸು ತಪ್ಪಿಹೋಗುತ್ತದೆ ಎಂದುಕೊಂಡೆ. ಬಸ್ಸು ತಪ್ಪಲಿ ಎಂದು ಆಸೆಯಾಗಿತ್ತು. ಆರು ವಾರದಿಂದ ನೀವು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ನೀವು ಬಂದು ಆ ಬೂಟು ಸರಿಮಾಡಿದ್ದರೆ ನಾನು ಮಾರನೇ ದಿನ ಹೋಗುತ್ತಿದ್ದೆ. ಹೋಗುತ್ತಿದ್ದೆ, ಆದರೆ ಬೇರೆ ತರಹ ಹೋಗುತ್ತಿದ್ದೆ.

ಆಗ ಒಳಗಿನಿಂದ "ಎರಡು" ಎಂದಿರಿ.

ಅದನ್ನು ನಾನು ಹೀಗೆ ತಿಳಿದುಕೊಂಡೆ: ಅಬ್ಬಾಗೆ ನನ್ನನ್ನು ಕಂಡು ಎಷ್ಟು ಸಾಕಾಗಿದೆ ಎಂದರೆ, ಹೋದರೆ ಸಾಕೆಂದು ಸುಳ್ಳು ಲೆಕ್ಕ ಹೇಳುತ್ತಿದ್ದಾರೆ. ನಾನು ವಾಪಸು ಬರಲೆಂದು ನೀವು ಹೇಳಿದ ಸುಳ್ಳನ್ನು, ನನ್ನನ್ನು ಹೊರಗೆ ಹಾಕಲು ಹೇಳಿದ್ದೆಂದು ತಿಳಿದು ಬಸ್ಸು ಹತ್ತಿದೆ. ಆಮೇಲೆ ಹಟ. ನೀವು ಎರಡು ಎಂದಿರಿ, ಸರಿ, ನನಗೂ ಎರಡೇ. ಇಲ್ಲಿ ಹೈಕೆಯ ಅಂಗಡಿಯ ಕಪಾಟಿನಲ್ಲಿ ಆ ಬಿಡಿಭಾಗ ಇತ್ತು. ಮೊದಲ ದಿನವೇ ಕೇಳಬಹುದಿತ್ತು. ಎರಡೂವರೆ ತಿಂಗಳು ಒಂದೇ ಟಕ್ ಮೇಲೆ ಓಡಿಸಿದೆ. ನೀವು ಪ್ರತಿ ಕಾಗದದಲ್ಲೂ ಎಡಗಾಲು ನೋಡು ಎಂದಾಗ, ಗೊತ್ತಿದ್ದೂ ಕೇಳುತ್ತಿದ್ದಾರೆ ಎಂದು ಇನ್ನಷ್ಟು ಸಿಟ್ಟಾಗಿ ಉತ್ತರ ಬರೆಯದೇ ಬಿಟ್ಟೆ. ಹಾಗಾಗಿ ಬಿದ್ದದ್ದರಲ್ಲಿ ಅರ್ಧ ನನ್ನದು.

ಹೊಸ ಹಲ್ಲು ಹಾಕಿಸಿ, ಮಾರ್ಚ್ ಹದಿನೆಂಟಕ್ಕೆ ಪರೀಕ್ಷೆ ಬರೆದೆ, ಅಂದರೆ ಇಳಿದೆ. ಪಾಸ್. ಗಂಬೂಟಿನ ತಳ ಹಾಕಿಕೊಂಡೇ ಮೈದಾನಕ್ಕೆ ನಡೆದದ್ದು. ಎಲ್ಲರೂ ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಲೀಕ್ಸ್‌ಲಿಪ್‌ನಲ್ಲಿ ಕಸದ ಡಬ್ಬಿಯ ಪಕ್ಕ ಸಿಗುತ್ತದೆ ಎಂದೆ.

ಇನ್ನೊಂದು ವಿಷಯ, ಕೂತುಕೊಂಡು ಓದಿ. ಜೂನ್ ಒಂದರಿಂದ ನ್ಯೂಜಿಲೆಂಡಿನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಆಗ ಚಳಿಗಾಲ. ಇಲ್ಲಿ ಏಪ್ರಿಲ್ ಇಪ್ಪತ್ತಕ್ಕೆ ಗುಡ್ಡ ಹತ್ತಿಸುವ ಲಿಫ್ಟು ನಿಲ್ಲುತ್ತದೆ, ಇಪ್ಪತ್ತೆರಡಕ್ಕೆ ಮನೆಗೆ ಬರುತ್ತೇನೆ. ಐದು ವಾರ ಇರುತ್ತೇನೆ.

ಸವೆದ ಹಲ್ಲನ್ನು ಇದರ ಜೊತೆ ಇಟ್ಟಿದ್ದೇನೆ. ಅಳೆಯಿರಿ. ಬೈಂಡಿಂಗ್ ವಿಷಯ ಬರೆಯುವುದಿಲ್ಲ ಎಂದಿದ್ದೀರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಹೈಕೆಗೆ ಬರುವುದಕ್ಕಿಂತ ನಿಮಗೆ ಜಾಸ್ತಿ ಬರುತ್ತದೆ.

ನಿಮ್ಮ
ಜಿಕ್ರಾ


ಲೀಕ್ಸ್‌ಲಿಪ್
8 ಏಪ್ರಿಲ್ 2025

ನನ್ನ ಮಗಳು ಜಿಕ್ರಾಗೆ ಅಬ್ಬಾನ ದುವಾ.

ಹಲ್ಲು ತಲುಪಿತು. ಅಳೆದೆ. ಬಲಗಾಲಿನದಕ್ಕೆ ಹೋಲಿಸದೆ ಎಷ್ಟು ಸವೆದಿದೆ ಎಂದು ಖಚಿತವಾಗಿ ಹೇಳಲಾರೆ, ನೀನು ಬಂದಾಗ ಎರಡನ್ನೂ ಇಟ್ಟು ನೋಡೋಣ. ಈಗ ಅದು ಅಡುಗೆಮನೆಯ ಕಿಟಕಿಯಲ್ಲಿ, ನಲ್ಲಿಯ ಮೇಲ್ಗಡೆ ಇದೆ. ಪಾತ್ರೆ ತೊಳೆಯುವಾಗ ಎದುರಿಗೆ ಕಾಣುತ್ತದೆ.

ಕೂತುಕೊಂಡು ಓದಿ ಎಂದದ್ದನ್ನು ನಿಂತೇ ಓದಿದೆ. ಆಮೇಲೆ ಕೂತೆ. ನ್ಯೂಜಿಲೆಂಡ್ ಎಲ್ಲಿದೆ ಎಂದು ನೋಡಿದೆ. ಇಲ್ಲಿಂದ ಅದಕ್ಕಿಂತ ದೂರ ಹೋಗಲು ಭೂಮಿಯ ಮೇಲೆ ಜಾಗ ಇದ್ದಂತೆ ಕಾಣಲಿಲ್ಲ. ಅಮ್ಮಿ "ಐದು ವಾರ ಇರ್ತಾಳಲ್ಲ, ಅದನ್ನ ನೋಡ್ರಿ" ಎಂದಳು. ನಿನ್ನೆಯಿಂದ ಖರ್ಜೂರ ಮತ್ತೆ ನನ್ನ ಕೈಗೇ ಕೊಡುತ್ತಿದ್ದಾಳೆ, ರೋಜಾ ಮುಗಿದರೂ.

ಅರ್ಧ ನನ್ನದು ಎಂದು ಬರೆದಿದ್ದೀಯ. ಬೇಡ. ಎಣಿಸುವ ಕೆಲಸ ನನ್ನದಾಗಿತ್ತು.

ಇಪ್ಪತ್ತೆರಡಕ್ಕೆ ರಜೆ ಹಾಕಿದ್ದೇನೆ. ಬಸ್ಸು ಬೇಡ, ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ಪಕ್ಕದ ಸೀಟು ಖಾಲಿ ಇರುತ್ತದೆ, ಡಬ್ಬಿ ಹಿಂದೆ ಇಡುತ್ತೇನೆ. ಆ ಐದು ವಾರದಲ್ಲಿ ಬೋರ್ಡಿನ ಪ್ರತಿಯೊಂದು ಸ್ಕ್ರೂ ಬಿಚ್ಚಿ ತೊಳೆದು ಒಣಗಿಸಿ ಜೋಡಿಸೋಣ. ಹೊಸ ಗಂಬೂಟು ತಂದಿದ್ದೇನೆ, ಅದನ್ನೂ ಕತ್ತರಿಸಬೇಕಾಗಬಹುದು ಎಂದು ಅಮ್ಮಿಗೆ ಮುಂಚೆಯೇ ಹೇಳಿದ್ದೇನೆ.

ಮೇ ತಿಂಗಳ ಕೊನೆಯಲ್ಲಿ, ನೀನು ಹೊರಡುವ ಬೆಳಿಗ್ಗೆ, ಹಜಾರದ ಕಾರ್ಪೆಟ್ ಮೇಲೆ ಬೋರ್ಡ್ ಇಡು. ನಾನು ನಲ್ಲಿ ಬಂದ್ ಮಾಡಿ ಅಡುಗೆಮನೆಯಲ್ಲಿ ಕೂತಿರುತ್ತೇನೆ. ಒಂದು ಕೇಳಿಸಿದರೆ ಒಂದು ಎನ್ನುತ್ತೇನೆ, ಎದ್ದು ಬಂದು ಬೂಟು ಕಿತ್ತುಕೊಳ್ಳುತ್ತೇನೆ. ಎರಡು ಕೇಳಿಸಿದರೆ ಎರಡು ಎನ್ನುತ್ತೇನೆ. ಆಮೇಲೂ ಎದ್ದು ಬರುತ್ತೇನೆ ಜಿಕ್ರಾ. ಬಂದು, ಹೋಗಬೇಡ ಎಂದು ಒಂದು ಸಲ ಬಾಯಿಬಿಟ್ಟು ಹೇಳುತ್ತೇನೆ. ನೀನು ಅದನ್ನು ಕೇಳಿಸಿಕೋ. ಆಮೇಲೆ ನಾನೇ ನಿನ್ನ ಬ್ಯಾಗು ಎತ್ತಿಕೊಂಡು ಬಾಗಿಲು ತೆಗೆಯುತ್ತೇನೆ.

ಇಂತಿ ನಿನ್ನ ಅಬ್ಬಾ,
ಅಖ್ತರ್